ಬನ್ನಿ ಕೊಡದ ಮೂರು ವರ್ಷ

ಸಿಂದಗಿಯ ಹೊರಗೆ ನಿವೃತ್ತರಿಗೆಂದೇ ಕಟ್ಟಿದ ನಮ್ಮ ಕಾಲೊನಿಯಲ್ಲಿ ಎಲ್ಲರೂ ಎಲ್ಲರೊಡನೆ ಮಾತಾಡುತ್ತಾರೆ. ಬೇಡವೆಂದರೂ ಮಾತಾಡುತ್ತಾರೆ. ಪಕ್ಕದ ಮನೆಯ ಯಜಮಾನರು ಮಾತ್ರ ನನ್ನನ್ನು ಕಂಡರೆ ಮುಖ ತಿರುಗಿಸುತ್ತಿದ್ದರು. ಮುದ್ದೇಬಿಹಾಳದ ಕಡೆಯವರು, ಬಸ್ಸು ಓಡಿಸಿ ನಿವೃತ್ತರಾದವರು. ನಾನು ನಮಸ್ಕಾರ ಎಂದರೆ ಅವರು ಆಕಾಶದಲ್ಲಿ ಮೋಡ ಹುಡುಕುತ್ತಿದ್ದರು. ತಮ್ಮ ಬೇವಿನ ಮರದ ಎಲೆ ಗುಡಿಸಿ ತಪ್ಪದೆ ನಮ್ಮ ಗೇಟಿನ ಮುಂದೆ ಗುಡ್ಡೆ ಹಾಕುತ್ತಿದ್ದರು.

ನನಗೂ ಸಿಟ್ಟೇನು ಕಡಿಮೆಯಿಲ್ಲ. ಇಂಡಿ ತಾಲ್ಲೂಕಿನ ಶಾಲೆಗಳಲ್ಲಿ ಮಾಸ್ತರಿಕೆ ಮಾಡಿದವನು. ಗದರಿಸದೆ ಇರುವುದೇ ನನಗೆ ಕಷ್ಟದ ಕೆಲಸ. ಆ ಎಲೆಗಳನ್ನು ನಾನೂ ಮರಳಿ ಅತ್ತ ಗುಡಿಸುತ್ತಿದ್ದೆ. ಮೂರು ವರ್ಷ ಹೀಗೇ ಎಲೆಗಳು ಆಚೆಯಿಂದ ಈಚೆಗೆ ತಿರುಗಾಡಿದವು. ಕೊನೆಗೆ ನನ್ನ ಹೆಂಡತಿಗೆ ಸಾಕಾಯಿತು.

"ಹಿಂದಿನ ಸಾಲಿನ್ಯಾಗ ಒಂದ ಮನಿ ಖಾಲಿ ಆಗೇತಿ, ಅಲ್ಲಿಗೆ ಹೋಗೂಣು ನಡೀರಿ. ಮುಂಜಾನೆದ್ದು ಸೆಟಗೊಂಡ ಮಾರಿ ನೋಡೂದು ನನಗ ಬ್ಯಾಸರಾಗೇತಿ," ಅಂದಳು.

"ನನ್ನ ಲಿಂಬಿ ಗಿಡ?" ಅಂದೆ.

ಇಂಡಿಯಿಂದ ಸಸಿ ತಂದು ಅಂಗಳದಲ್ಲಿ ನೆಟ್ಟ ಗಿಡ ಅದು. ಆ ವರ್ಷವೇ ಮೊದಲ ಕಾಯಿ ಬಿಟ್ಟಿತ್ತು. ಅದನ್ನು ಬಿಟ್ಟು ಹೋಗಲು ನನಗೆ ಮನಸ್ಸೇ ಇರಲಿಲ್ಲ. ದಸರೆ ಮುಗಿಯಲಿ, ಆಮೇಲೆ ನೋಡೋಣ ಎಂದು ಮಾತು ತೇಲಿಸಿದೆ.

ದಸರೆಯ ಮಧ್ಯಾಹ್ನ ಪಕ್ಕದ ಮನೆಯಾಕೆ ಉಪ್ಪಿನಕಾಯಿಗೆ ನಿಂಬೆ ಕೇಳಲು ಬಂದರು. ಹೆಂಗಸರ ನಡುವೆ ಮುನಿಸಿರಲಿಲ್ಲ. ಕಾಯಿ ಕೀಳುತ್ತಾ ನಾನು ಕೇಳಿಯೇಬಿಟ್ಟೆ: "ನಮ್ಮಿಂದ ಏನ ತಪ್ಪಾಗೇತ್ರಿ, ಅಕ್ಕಾರ?"

"ಏನ ಹೇಳ್ಲಿರಿ, ಮಾಸ್ತರ್ರ. ನೀವು ಸಣ್ಣಾವ್ರು, ಬಂದು ಬನ್ನಿ ಕೊಡ್ತೀರಿ ಅಂತ ನಮ್ಮನಿಯವರು ಪ್ರತಿ ದಸರಿಗಿ ಹೊರಗ ಕುರ್ಚಿ ಹಾಕ್ಕೊಂಡು ಕುಂದರ್ತಾರ. ನೀವು ಬರಂಗಿಲ್ಲ."

ನಮ್ಮ ಕಡೆ ದಸರೆಯ ಸಂಜೆ ಕಿರಿಯರು ಬನ್ನಿ ಎಲೆಯನ್ನು ಬಂಗಾರವೆಂದು ಹಿರಿಯರ ಕೈಗಿಟ್ಟು ಕಾಲಿಗೆ ಬೀಳುತ್ತಾರೆ. ಹಿರಿಯರು ಕೂತಿರಬೇಕು, ಕಿರಿಯರು ಹೋಗಬೇಕು. ನಾನೂ ಮೂರು ವರ್ಷ ನಮ್ಮ ಕಟ್ಟೆಯ ಮೇಲೆ ಕೂತು ಇವರ ದಾರಿಯನ್ನೇ ಕಾದಿದ್ದೆ! ನನಗಿಂತ ಒಂದು ವರ್ಷ ತಡವಾಗಿ ನಿವೃತ್ತರಾದವರು, ಅಂದಮೇಲೆ ಕಿರಿಯರೇ ಎಂದು ನನ್ನ ಲೆಕ್ಕ.

"ಅವರು ನನಗಿಂತ ಸಣ್ಣಾವ್ರಲ್ಲೇನ್ರಿ?"

"ಎಲ್ಲೀದ್ರಿ! ಸಣ್ಣವರಿದ್ದಾಗ ಅವರನ್ನ ಸಾಲಿಗೆ ಹಾಕೂವಾಗ ಸಾಲಿ ಮಾಸ್ತರು ವಯಸ್ಸು ಮೂರು ವರ್ಷ ಕಡಿಮಿ ಮಾಡಿ, ಹುಟ್ಟಿದ ದಿನ ಜೂನ್ ಒಂದು ಅಂತ ಬರದಾರ. ನೀವು ಬಂದ ದಿನಾನ ನಿಮ್ಮ ವಯಸ್ಸು ಕೇಳಿದ್ರಲ್ಲ, ನಿಮಗಿಂತ ಎರಡು ವರ್ಷ ದೊಡ್ಡಾವ್ರು ಅವರು."

ಕೀಳುತ್ತಿದ್ದ ಕೈ ಅಲ್ಲೇ ನಿಂತಿತು. ನನ್ನ ಅಪ್ಪನೂ ಮಾಸ್ತರರಾಗಿದ್ದರಿಂದ ನನ್ನ ಹುಟ್ಟಿದ ದಿನ ಸರಿಯಾಗಿ ದಾಖಲಾಗಿತ್ತು. ಆದರೆ ದಿನ ಗೊತ್ತಿಲ್ಲದ ಎಷ್ಟು ಮಕ್ಕಳಿಗೆ ನಾನೇ ಎತ್ತರ ನೋಡಿ, ಹಲ್ಲು ನೋಡಿ ಜೂನ್ ಒಂದು ಎಂದು ಬರೆದಿದ್ದೆನೋ! ಅಂಥದ್ದೇ ಒಂದು ಬರಹವನ್ನು ನಂಬಿ ನಾನೇ ಮೋಸ ಹೋಗಿದ್ದೆ. ನಾಚಿಕೆಯಾಯಿತು, ನಗುವೂ ಬಂತು.

ಸಂಜೆ ಬನ್ನಿ ಹಿಡಿದು ಅವರ ಗೇಟು ತೆರೆದೆ. ಅವರು ಕುರ್ಚಿಯಲ್ಲಿ ಕೂತೇ ಇದ್ದರು. ನನ್ನನ್ನು ಕಂಡು ಮತ್ತೆ ಮೋಡ ಹುಡುಕತೊಡಗಿದರು.

"ಬಂಗಾರ ತಗೋರಿ, ಅಣ್ಣಾರ. ಬಂಗಾರದಂಗ ಇರೂಣು," ಎಂದು ಎಲೆಯನ್ನು ಕೈಗಿಟ್ಟು, ಮೊಣಕಾಲು ಹಿಡಿದುಕೊಂಡು ಮೆಲ್ಲಗೆ ಬಗ್ಗಿದೆ.

ಬಗ್ಗಿದ್ದೇನೋ ಸರಿ, ಏಳಲು ಆಗಲಿಲ್ಲ. ಅವರು ಒಂದು ಕೈಯಿಂದ ನನ್ನ ರಟ್ಟೆ ಹಿಡಿದರು, ಇನ್ನೊಂದನ್ನು ತಲೆಯ ಮೇಲಿಟ್ಟರು. ಅಪ್ಪ, ಅವ್ವ, ಅಣ್ಣ ಎಲ್ಲರೂ ಹೋದ ಮೇಲೆ ದಸರೆಗೆ ಬಂದವರೆಲ್ಲ ನನ್ನ ಕಾಲಿಗೇ ಬೀಳುತ್ತಿದ್ದರು. ನನ್ನ ತಲೆಯ ಮೇಲೆ ಕೈಯಿಡುವವರು ಯಾರೂ ಉಳಿದಿರಲಿಲ್ಲ. ಕಣ್ಣು ತುಂಬಿ ಬಂದವು.

"ಭಾಳ ತಡಾ ಮಾಡಿದಿ ನೋಡು, ತಮ್ಮಾ," ಅಂದರು.

ಮನೆಗೆ ಬಂದು ಹೆಂಡತಿಗೆ ಹೇಳಿದೆ: "ಹಿಂದಿನ ಸಾಲಿಗೆ ಹೋಗೂದು ಬ್ಯಾಡ. ಬಾಜೂ ಮನ್ಯಾಗ ನಮ್ಮಣ್ಣ ಅದಾನ."

ಬೇವಿನ ಎಲೆ ಈಗಲೂ ನಮ್ಮ ಗೇಟಿನ ಮುಂದೆಯೇ ಬಂದು ಬೀಳುತ್ತದೆ. ಅಣ್ಣ ಗುಡಿಸಿದ್ದಲ್ಲವೇ ಎಂದು ನಾನೇ ಎತ್ತಿ ನಿಂಬೆ ಗಿಡದ ಬುಡಕ್ಕೆ ಹಾಕುತ್ತೇನೆ.