ಉದ್ದ ತೋಳಿನ ರವಿಕೆ

ಅರವತ್ತರ ದಶಕದ ಕೊನೆಯಲ್ಲಿ ನಾನು ಹನೂರಿನ ಆಸ್ಪತ್ರೆಯಲ್ಲಿ ಹೆರಿಗೆ ನರ್ಸು. ಬಿರುಬೇಸಿಗೆಯಲ್ಲೂ ಮೊಣಕೈ ದಾಟಿದ ರವಿಕೆ ತೊಡುತ್ತಿದ್ದೆ. ನರ್ಸಮ್ಮ ಬಲು ಮರ್ಯಾದಸ್ಥೆ ಎಂದು ಊರವರು ಹೊಗಳುತ್ತಿದ್ದರು. ಒಳಗಿದ್ದದ್ದು ಮರ್ಯಾದೆಯಲ್ಲ, ಬಾಸುಂಡೆ. ಗಂಡನಿಗೆ ರೇಷ್ಮೆಗೂಡಿನ ವ್ಯಾಪಾರ. ಕೊಳ್ಳೇಗಾಲದಲ್ಲಿ ಗೂಡಿನ ಬೆಲೆ ಬಿದ್ದ ದಿನ ಹಿಪ್ಪುನೇರಳೆ ಕಡ್ಡಿ ಅವನ ಕೈಗೆ ಬರುತ್ತಿತ್ತು. ಏರಿದ ದಿನ ಬರುತ್ತಿರಲಿಲ್ಲ ಎಂದೇನಲ್ಲ. ಮುಖಕ್ಕೆ ಮಾತ್ರ ಹೊಡೆಯುತ್ತಿರಲಿಲ್ಲ, ಅಷ್ಟರ ಮಟ್ಟಿಗೆ ಬುದ್ಧಿವಂತ.

ಆ ವರ್ಷ ಹತ್ತಿರದ ಹಳ್ಳಿಯಲ್ಲಿ ಸಿಡುಬು ಕಾಣಿಸಿಕೊಂಡಿತು. ರೋಗಿಗಳ ಬಳಿ ಹೋಗಬೇಕಾದ ನಮಗೇ ಮೊದಲು ದೇವಿ, ಅಂದರೆ ಸಿಡುಬಿನ ಲಸಿಕೆ, ಹಾಕಿಸಬೇಕೆಂದು ಡಾಕ್ಟರು ವರಾಂಡದಲ್ಲಿ ಸಾಲು ನಿಲ್ಲಿಸಿದರು. ಹಾಕುವವರು ಯಳಂದೂರಿನಿಂದ ಬಂದ ವಯಸ್ಸಾದವರು. ಕಾಂಪೌಂಡರು, ಆಯಾ, ಎಲ್ಲರೂ ತೋಳು ಏರಿಸಿ ಹಾಕಿಸಿಕೊಂಡರು. ನನ್ನ ಸರದಿ ಬಂದಾಗ ಹಿಂದೆ ಸರಿದೆ.

"ಊರೋರ್ಗೆಲ್ಲ ಬುದ್ಧಿ ಏಳೋರು ನೀವೇ ಎದ್ರುಕಂಡ್ರೆ ಎಂಗೆ ಸಿಸ್ಟರ್?" ಎಂದು ಕಾಂಪೌಂಡರು ನಕ್ಕರು.

"ಊಂ ಕಣಣ್ಣ, ಎದ್ರಿಕೆ," ಎಂದೆ. ಪುಕ್ಕಲಿ ಅನ್ನಿಸಿಕೊಳ್ಳುವುದೇ ವಾಸಿ ಎನಿಸಿತ್ತು.

ಹಾಕಿಸಿಕೊಳ್ಳದಿದ್ದರೆ ಹಳ್ಳಿಗೆ ಕಳಿಸುವುದಿಲ್ಲ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿಬಿಟ್ಟರು. ಅಲ್ಲೊಬ್ಬಳು ತುಂಬು ಬಸುರಿ ಇದ್ದಳು. ಸಿಡುಬು ಎದ್ದದ್ದು ಅವಳ ಮನೆಯಲ್ಲೇ. ನಾನಲ್ಲದೆ ಅವಳ ಹತ್ತಿರ ಹೋಗುವವರು ಬೇರೆ ಯಾರೂ ಇರಲಿಲ್ಲ.

ಎಲ್ಲರೂ ಚದುರಿದ ಮೇಲೆ ಒಳಕೋಣೆಯಲ್ಲಿ ಆ ಹಿರಿಯರ ಮುಂದೆ ಕೂತು ರವಿಕೆಯ ತೋಳು ಮೇಲೆತ್ತಿದೆ. ಸೂಜಿ ಹಿಡಿದವರು ಹಾಗೇ ನಿಂತರು. ರಟ್ಟೆಯಲ್ಲಿ ಚುಚ್ಚಲು ಜಾಗವಿರಲಿಲ್ಲ.

"ಆ ಕೈ ಕೊಡವ್ವ."

ಅದನ್ನೂ ಕೊಟ್ಟೆ. ಅದೂ ಹಾಗೇ ಇತ್ತು. ಅವರು ತಲೆ ಎತ್ತಿ ನನ್ನ ಮುಖ ನೋಡಲಿಲ್ಲ. ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಎನಿಸಿತು. ಕಳ್ಳತನದಲ್ಲಿ ಸಿಕ್ಕಿಬಿದ್ದವಳ ಹಾಗೆ ನಾನು ತಲೆತಗ್ಗಿಸಿ ಕೂತಿದ್ದೆ. ಹೊಡೆದವನು ಆ ಹೊತ್ತಿಗೆ ಕೊಳ್ಳೇಗಾಲದಲ್ಲಿ ಎಲೆಅಡಿಕೆ ಹಾಕಿಕೊಂಡು ಗೂಡಿನ ವ್ಯಾಪಾರ ಕುದುರಿಸುತ್ತಿದ್ದ.

"ಮುಂಗೈಗೆ ಆಕ್ತೀನಿ ಕಣವ್ವ, ಅಲ್ಲೂ ಇಡೀತದೆ," ಎಂದಷ್ಟೇ ಹೇಳಿ ಹಾಕಿದರು. ಇನ್ನೊಂದು ಮಾತೂ ಕೇಳಲಿಲ್ಲ. ಕೇಳಿದ್ದರೆ ಬಾಗಿಲಿಗೆ ಎಡವಿ ಬಿದ್ದೆ ಎಂದು ಹೇಳಲು ಸಿದ್ಧಳಾಗಿದ್ದೆ.

ಹಳ್ಳಿಯಲ್ಲಿ ಹೆರಿಗೆ ಸಲೀಸಾಗಿ ಆಯಿತು, ತಾಯಿ ಮಗು ಇಬ್ಬರೂ ಉಳಿದರು. ವಾರ ಅಲ್ಲೇ ಇದ್ದು ನಾನು ಮನೆಗೆ ಮರಳುವ ಹೊತ್ತಿಗೆ ಮುಂಗೈಯಲ್ಲಿ ಗುಳ್ಳೆ ಎದ್ದು ಕೀವು ತುಂಬಿತ್ತು. ಅನ್ನ ಬಡಿಸುವಾಗ ಗಂಡನ ಕಣ್ಣು ಅದರ ಮೇಲೆ ಬಿತ್ತು.

"ಇಂಗೆ ಎದ್ದು ಕಾಣೋ ಕಡೆ ಯಾಕಮ್ಮಿ ಆಕುಸ್ಕಂಡೆ? ನೋಡ್ದೋರು ಏನಂದ್ಕತಾರೆ?"

ನಾನು ಕೈಯನ್ನು ಸೆರಗಿನೊಳಗೆ ಎಳೆದುಕೊಂಡೆ. ಆಗಲೂ ನಾಚಿಕೆಪಟ್ಟವಳು ನಾನೇ.