ಅವ್ವಂದು ತಗಿ

ಬಸವಕಲ್ಯಾಣದ ಬಸ್ ನಿಲ್ದಾಣದ ಹತ್ತಿರ ನನ್ನದೊಂದು ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಅರ್ಜಿ, ಭಾಷಣ ಏನೇ ತಂದರೂ ಟೈಪ್ ಮಾಡಿ, ತಿದ್ದಿ, ಪ್ರಿಂಟ್ ಕೊಡುತ್ತೇನೆ. ಟೈಪ್ ಮಾಡುವುದು ಕಷ್ಟವಲ್ಲ. ಜನ ಏನು ಹೇಳುತ್ತಿದ್ದಾರೆ ಎಂದು ತಿಳಿದುಕೊಳ್ಳುವುದರಲ್ಲೇ ತಲೆ ಕೆಟ್ಟುಹೋಗುತ್ತದೆ.

ಆ ವಾರ ಬಂದವರು ಘಾಟಬೋರಾಳದ ಒಬ್ಬ ನರ್ಸ್. ನನ್ನ ಎರಡೂ ಹೆರಿಗೆಯಲ್ಲಿ ಪಕ್ಕದಲ್ಲಿ ನಿಂತವರು ಅವರೇ. ಅಕ್ಕ ಎಂದೇ ಕರೆಯುತ್ತಿದ್ದೆ. ಈಗ ನಿವೃತ್ತಿ. ಹುಮನಾಬಾದಿನ ಬೀಳ್ಕೊಡುಗೆ ಸಮಾರಂಭದಲ್ಲಿ ಓದಲು ಕೈಯಾರೆ ಬರೆದ ಭಾಷಣ ತಂದಿದ್ದರು.

"ತಂಗೀ, ಇದನ್ನ ಚಂದ ಮಾಡು. ಆದ್ರ ಏನೂ ಬದಲಿ ಮಾಡಬ್ಯಾಡ."

"ಚಂದ ಅಂದ್ರ ಹ್ಯಾಂಗ್ರಿ ಅಕ್ಕಾ? ಅಕ್ಷರ ಚಂದ ಮಾಡ್ಲೋ, ಮಾತು ಚಂದ ಮಾಡ್ಲೋ?"

"ಅಷ್ಟೂ ತಿಳಿಯಂಗಿಲ್ಲೇನು? ಕೇಳಿದ ಮಂದಿ ಭೇಷ್ ಅನ್ನಬೇಕು."

ಕೇಳುವ ಮಂದಿಗೆ ಅಕ್ಷರ ಕಾಣುವುದಿಲ್ಲವಲ್ಲ. ಹಾಗಾಗಿ ಮಾತನ್ನೇ ಚಂದ ಮಾಡಿದೆ. 'ನಮ್ಮವ್ವ ಕೂಲಿಗಿ ಹೋಗತಿದ್ಲು' ಎಂಬುದು 'ನನ್ನ ಪೂಜ್ಯ ಮಾತೃಶ್ರೀಯವರು ಶ್ರಮಜೀವಿಗಳಾಗಿದ್ದರು' ಎಂದಾಯಿತು. ಮರುದಿನ ಬಂದು ಓದಿದವರೇ ನನ್ನನ್ನು ದುರುಗುಟ್ಟಿ ನೋಡಿದರು.

"ಇಕಿ ಯಾವ ಮಾತೃಶ್ರೀ? ನಮ್ಮವ್ವ ಎಲ್ಲಿ ಹೋದ್ಲು?"

ಅವ್ವನನ್ನು ವಾಪಸು ತಂದು ಕೂರಿಸಿದೆ. ಆಮೇಲೆ ಫೋನು: "ಭಾಳ ಆಗ್ಯಾದ, ಸಣ್ಣದ ಮಾಡು." ಒಂದೇ ಹಾಳೆಯಲ್ಲಿ ಹಿಡಿಸುವಂತೆ ಅಕ್ಷರ ಸಣ್ಣದು ಮಾಡಿಕೊಟ್ಟೆ. ಅಕ್ಕ ಹಾಳೆಯನ್ನು ತೋಳುದ್ದ ದೂರ ಹಿಡಿದರು.

"ಇದೇನು ಇರುವಿ ಸಾಲೇನು? ಭಾಷಣ ಸಣ್ಣದ ಮಾಡು ಅಂದೆ ನಾ, ಅಕ್ಷರ ಅಲ್ಲ."

"ಹಂಗಾರ ಯಾವದು ಬಿಡ್ಲಿರಿ?"

"ಬ್ಯಾಡಾದದ್ದು ಬಿಡು."

"ಬ್ಯಾಡಾದದ್ದು ಯಾವದ್ರಿ?"

"ನನಗ ಎಲ್ಲಾ ಬೇಕವ್ವ."

ಸಮಾರಂಭಕ್ಕೆ ನನ್ನನ್ನೂ ಕರೆದು ಅಕ್ಕ ಬಸ್ಸಿಗೆ ಹೊರಟರು.

ಸಮಾರಂಭದ ಹಿಂದಿನ ದಿನ ವಾಟ್ಸಾಪಿನಲ್ಲಿ ಅವರ ಧ್ವನಿ ಬಂತು. ಹಿಂದೆ ಯಾವುದೋ ಕೂಸು ಕಿರುಚುತ್ತಿತ್ತು. "ತಂಗೀ, ಅವ್ವಂದು ತಗಿ. ನಾಳಿ ಬರೋವಾಗ ಎಲ್ಲಾ ತಗೊಂಡು ಬಾ." ನಮ್ಮಲ್ಲಿ ತಗಿ ಎಂದರೆ ತೆಗೆದುಹಾಕು ಎಂದೂ ಆಗುತ್ತದೆ, ಪ್ರಿಂಟ್ ತೆಗೆ ಎಂದೂ ಆಗುತ್ತದೆ. ತಿರುಗಿ ಫೋನ್ ಮಾಡಿದರೆ ಸ್ವಿಚ್ ಆಫ್. ಭಾಷಣ ಸಣ್ಣದಾಗಬೇಕಿತ್ತು, ಅವ್ವನ ಭಾಗವೇ ಎಲ್ಲಕ್ಕಿಂತ ಉದ್ದವಿತ್ತು. ತೆಗೆದುಹಾಕಿದೆ. ಉಳಿದದ್ದು ದೊಡ್ಡ ಅಕ್ಷರದಲ್ಲಿ ಅಚ್ಚುಕಟ್ಟಾಗಿ ಕೂತಿತು. ಅಂತೂ ಮುಗಿಯಿತು ಅಂದುಕೊಂಡೆ.

ಹುಮನಾಬಾದಿನ ಸಭಾಭವನದ ಬಾಗಿಲಲ್ಲೇ ಅಕ್ಕ ಕಾಯುತ್ತಿದ್ದರು.

"ಅವ್ವಂದು ತಗದಿ?"

"ತಗದೀನ್ರಿ."

"ಕೊಡು ಮತ್ತ."

"ಅಕ್ಕಾ, ತಗದು ಒಗದೀನ್ರಿ!"

ಅವರ ಮುಖ ಬಿಳಿಚಿಕೊಂಡಿತು. "ಯವ್ವಾ! ಬ್ಯಾರೆ ಹಾಳಿ ಮ್ಯಾಲ ತಗಿ ಅಂದಿದ್ದೆ. ಮದಲ ಅದನ್ನೇ ಓದಾಕಿ ನಾ. ಅವ್ವ ಮುಂದ ಕುಂತಾಳ ನೋಡು."

ಬೇರೆ ಹಾಳೆಯ ಮಾತು ಅವರು ಎತ್ತಿರಲೇ ಇಲ್ಲ. ಆ ಧ್ವನಿಯನ್ನು ಅಲ್ಲೇ ಹಾಕಿ ಕೇಳಿಸಬೇಕೆನಿಸಿತು. ಅಷ್ಟರಲ್ಲಿ ಮುಂದಿನ ಸಾಲಿನಲ್ಲಿ ಹೊಸ ಸೀರೆಯುಟ್ಟು ಕೂತಿದ್ದ ಮುದುಕಿ ಕಂಡಳು. ಹಳೆಯ ಫೈಲು ಫೋನಿನಲ್ಲಿತ್ತು. ಆಟೋ ಹಿಡಿದು ಮಾಣಿಕನಗರದ ಜೆರಾಕ್ಸ್ ಅಂಗಡಿಗೆ ಓಡಿದೆ.

"ಹ್ಯಾಂಗ ತಗೀಲಿರಿ?" ಎಂದ ಅಂಗಡಿಯವ.

"ಕಾಗದದ ಮ್ಯಾಲ ತಗೀರಿ!" ಎಂದು ಒದರಿದೆ. ಪಾಪ, ಅವನು ಬೆಚ್ಚಿಬಿದ್ದ.

ಪುಣ್ಯಕ್ಕೆ ನಾನು ಮರಳುವಾಗ ಅಧಿಕಾರಿಗಳ ಭಾಷಣ ಇನ್ನೂ ಸಾಗಿತ್ತು. ಅಕ್ಕನ ಸರದಿ ಬಂತು. ಕನ್ನಡಕ ಏರಿಸಿ ಶುರು ಮಾಡಿದರು: "ನಮ್ಮವ್ವ ಕೂಲಿಗಿ ಹೋಗತಿದ್ಲು. ನನಗ ನರ್ಸ್ ಟ್ರೇನಿಂಗಿಗಿ ಕಳಸಾಕ ಮನ್ಯಾಗಿನ ಎಮ್ಮಿ ಮಾರಿದ್ಲು."

"ಎಮ್ಮಿ ಅಲ್ಲ, ಆಕಳ!" ಮುಂದಿನ ಸಾಲಿನಿಂದ ಮುದುಕಿ ಕೂಗಿದಳು. "ಎಮ್ಮಿ ನಿನ್ನ ತಮ್ಮನ ಲಗ್ನಕ್ಕ ಮಾರೀನಿ."

ಸಭೆಯೆಲ್ಲ ನಕ್ಕಿತು. ಅಕ್ಕ ಹಾಳೆಗಳನ್ನು ಮೇಜಿನ ಮೇಲಿಟ್ಟು, ಮೈಕು ಹಿಡಿದುಕೊಂಡೇ ಕೆಳಗಿಳಿದು ಬಂದರು. "ಹಂಗಾರ ನೀನ ಹೇಳವ್ವಾ," ಎಂದು ಅವ್ವನ ಬಾಯಿಗೆ ಹಿಡಿದರು. ಮುದುಕಿ ಹೇಳಿದಳು. ಆಕಳನ್ನು ಸಂತೆಗೆ ಹೊಡೆದುಕೊಂಡು ಹೋದದ್ದು, ದಾರಿಯುದ್ದ ಅದು ತಿರುಗಿ ತಿರುಗಿ ನೋಡಿದ್ದು, ಮಗಳು ಬಿಳಿ ಸೀರೆಯುಟ್ಟು ಮೊದಲ ಸಲ ಊರಿಗೆ ಬಂದಾಗ ಗುರುತೇ ಸಿಗದಿದ್ದದ್ದು. ಪಕ್ಕದಲ್ಲಿ ನಿಂತ ಅಕ್ಕ ನಗುತ್ತ ಅಳುತ್ತಿದ್ದರು.

ನಾನು ವಾರವಿಡೀ ತಿದ್ದಿದ ಭಾಷಣದ ಉಳಿದ ಸಾಲುಗಳು ಯಾರ ಕಿವಿಗೂ ಬೀಳಲಿಲ್ಲ. ಹೊಟ್ಟೆ ಉರಿಯಿತು. ಆದರೂ ಮುದುಕಿ ಮಾತು ಮುಗಿಸುವವರೆಗೆ ನಾನೂ ಊಟಕ್ಕೆ ಏಳಲಿಲ್ಲ.