ಒಣಗಬಾರದ ಬಣ್ಣ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಹಾಲಿನ ವ್ಯಾನೊಂದು ದಡಬಡ ಸದ್ದು ಮಾಡುತ್ತಾ ಸೇತುವೆ ದಾಟಿ ಹೋದ ಮೇಲೆ ಕೇಳಿಸುವುದು ಊರವರು ಬಣ್ಣದಕ್ಕ ಎನ್ನುವ ಹೆಂಗಸಿನ ಬ್ರಷ್ಷಿನ ಸದ್ದು ಮಾತ್ರ. ತಲೆಗೆ ಹಳೆಯ ಟವೆಲು ಸುತ್ತಿಕೊಂಡು, ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತು, ಅವರು ಸೇತುವೆಯ ಅಂಚಿನ ಕಂಬಿಗೆ ಹಸಿರು ಬಣ್ಣ ಬಳಿಯುತ್ತಿದ್ದಾರೆ. ಬಳಿಯುವುದೂ ಎಂಥದು, ಗಟ್ಟಿ ಮೊಸರು ಮೆತ್ತಿದಷ್ಟು ದಪ್ಪಗೆ.

"ತೆಳ್ಳಗೆ ಬಳಿದ್ರೆ ಮಧ್ಯಾಹ್ನಕ್ಕೇ ಒಣಗಿಬಿಡತ್ತೆ. ಒಣಗಿದ್ರೆ ಏನು ಬಂತು ಪ್ರಯೋಜನ?" ಎನ್ನುತ್ತಾರೆ. ಬಣ್ಣ ಬಳಿಯುವವರ ಬಾಯಲ್ಲಿ ಇಂಥ ಮಾತು ಕೇಳಿದರೆ ಯಾರಾದರೂ ಹುಬ್ಬೇರಿಸಬೇಕಾದದ್ದೇ.

ಸಂಗತಿ ಇಷ್ಟು. ಶಾಲೆಗೆ ರಜೆ ಬಂತೆಂದರೆ ಹುಡುಗರ ದಂಡು ಸೇತುವೆಯ ನಡುಭಾಗಕ್ಕೆ ಬಂದು, ಕಂಬಿ ಹತ್ತಿ, ಹೊಳೆಗೆ ಹಾರುತ್ತದೆ. ಹಾರಬೇಡಿ ಎಂಬ ಫಲಕವೇನೋ ಇದೆ. ಪುಣ್ಯಾತ್ಮರು ಅದರ ಮೇಲೇ ಅಂಗಿ ನೇತುಹಾಕುತ್ತಾರೆ. ಬೈದರೆ ಕಿವಿಗೆ ಹಾಕಿಕೊಳ್ಳುವ ವಯಸ್ಸೂ ಅದಲ್ಲ. ಹಾಗಾಗಿ ರಜೆಯ ದಿನಗಳಲ್ಲಿ ಬಣ್ಣದಕ್ಕ ಆ ನಡುಭಾಗದ ಕಂಬಿಯನ್ನು ಒಣಗಲು ಬಿಡುವುದಿಲ್ಲ. "ಹೊಳೆಗೆ ಹೆದರದ ಹುಡುಗ್ರು ಅಮ್ಮಂಗೆ ಹೆದರ್ತಾರೆ. ಬಟ್ಟೆಗೆ ಬಣ್ಣ ಹತ್ತಿದ್ರೆ ಮನೇಲಿ ಸುಳ್ಳು ಹೇಳೋಕಾಗಲ್ಲ ನೋಡಿ."

ಈ ಸೇತುವೆಗೆ ಮೊದಲು ಬಣ್ಣ ಬಳಿಯುತ್ತಿದ್ದವರು ಇವರ ಅಪ್ಪ. ಅವರ ಕೈ ನಡುಗಲು ಶುರುವಾದಾಗ ಬ್ರಷ್ಷು ಮಗಳ ಕೈಗೆ ಬಂತು. ದಿನಗೂಲಿ ಕೆಲಸ. ಈ ತುದಿ ಮುಗಿಸಿ ಆ ತುದಿ ಮುಟ್ಟುವಷ್ಟರಲ್ಲಿ ಇಲ್ಲಿ ತುಕ್ಕು ಹಿಡಿದಿರುತ್ತದೆ. ಮಂಡಿ ಹಿಡಿದುಕೊಳ್ಳುತ್ತದೆ, ವಾಸನೆಗೆ ತಲೆ ಸಿಡಿಯುತ್ತದೆ. ಅದರ ಬಗ್ಗೆ ಕೇಳಿದರೆ "ಯಾರ ಮಂಡಿ ನೋಯಲ್ಲ ಹೇಳಿ" ಎಂದು ನಕ್ಕುಬಿಡುತ್ತಾರೆ.

ಇವತ್ತು ಮಾತ್ರ ನಗುವ ಹಾಗಿಲ್ಲ. ಬೆಳಕು ಹರಿಯುತ್ತಿದ್ದಂತೆ ಮೇಸ್ತ್ರಿ ಹೊಸ ಡಬ್ಬವೊಂದನ್ನು ಹಿಡಿದು ಬರುತ್ತಾರೆ. ಹಿಂದೆಯೇ ಒಬ್ಬ ತಾಯಿ, ಕೈಯಲ್ಲಿ ಮಗನ ಪ್ಯಾಂಟು.

"ಅಕ್ಕಾ, ದೂರು ಬಂದಿದೆ. ಇನ್ಮೇಲೆ ಈ ಬಣ್ಣ ಹೊಡೀರಿ. ಅರ್ಧ ಗಂಟೇಲಿ ಒಣಗತ್ತೆ" ಎನ್ನುತ್ತಾರೆ ಮೇಸ್ತ್ರಿ.

"ಹೊಸ ಪ್ಯಾಂಟು ಕಣ್ರೀ. ಕಂಬಿಗೆ ಒರಗಿ ನಿಂತಿದ್ನಂತೆ, ಅಷ್ಟೆ. ಎಷ್ಟು ಉಜ್ಜಿದ್ರೂ ಹೋಗ್ತಿಲ್ಲ" ಎಂದು ತಾಯಿ ದನಿ ಏರಿಸುತ್ತಾರೆ.

ರಜೆ ಈಗಷ್ಟೇ ಶುರುವಾಗಿದೆ. ಕಂಬಿ ಅರ್ಧ ಗಂಟೆಯಲ್ಲಿ ಒಣಗಿದರೆ ಇಡೀ ದಿನ ಅದು ಹುಡುಗರ ಪಾಲು. ಬಣ್ಣದಕ್ಕ ಕೈ ಒರೆಸಿಕೊಂಡು ಪ್ಯಾಂಟನ್ನು ಇಸಿದುಕೊಂಡು, ಬಿಡಿಸಿ ಹಿಡಿಯುತ್ತಾರೆ.

"ಒರಗಿ ನಿಂತ್ರೆ ಬಣ್ಣ ಹಿಂದೆ ಆಗತ್ತೆ ಕಣಮ್ಮ. ಇಲ್ಲಿ ನೋಡಿ, ಎರಡೂ ತೊಡೆ ಒಳಗಡೆ ಆಗಿದೆ. ಕುದುರೆ ಹತ್ತಿದ ಹಾಗೆ ಕಂಬಿ ಮೇಲೆ ಕೂತಿದ್ದಾನೆ. ಒಂದು ಕಾಲು ಹೊಳೆ ಕಡೆ."

ತಾಯಿ ಪ್ಯಾಂಟು ನೋಡುತ್ತಾರೆ, ಕಂಬಿ ನೋಡುತ್ತಾರೆ, ಆಮೇಲೆ ಕೆಳಗೆ ನೀರು ನೋಡುತ್ತಾರೆ. "ಅವನಿಗೆ ಈಜು ಚೆನ್ನಾಗಿ ಬರತ್ತೆ" ಎನ್ನುವಾಗ ದನಿಯಲ್ಲಿ ಮೊದಲಿನ ಜೋರಿಲ್ಲ.

"ನನ್ನ ತಮ್ಮಂಗೂ ಬರ್ತಿತ್ತು" ಎನ್ನುತ್ತಾರೆ ಬಣ್ಣದಕ್ಕ.

ತಾಯಿ ಪ್ಯಾಂಟನ್ನು ಮಡಚಿ ಕಂಕುಳಲ್ಲಿಟ್ಟುಕೊಂಡು, "ಆ ಡಬ್ಬ ವಾಪಸ್ ತಗೊಂಡು ಹೋಗಿ" ಎಂದು ಮೇಸ್ತ್ರಿಗೇ ಹೇಳುತ್ತಾರೆ. ಮೇಸ್ತ್ರಿ ತಲೆ ಕೆರೆದುಕೊಳ್ಳುತ್ತಾರೆ. "ಈ ರಜಾ ಮುಗಿಯೋವರೆಗೆ ಹಳೇದೇ ಇರ್ಲಿ. ಮುಂದಿನ ವರ್ಷದ ಮಾತು ನಾನು ಕೊಡಲ್ಲ."

ಬಣ್ಣದಕ್ಕನ ಮನೆ ಸೇತುವೆಯಿಂದ ಕೂಗಳತೆಯಲ್ಲಿದೆ. ಕಿಟಕಿಯ ಪಕ್ಕ ಗಾಲಿಕುರ್ಚಿಯಲ್ಲಿ ಕೂತ ತಮ್ಮ, ನಾಳೆಯ ಬಣ್ಣಕ್ಕೆ ಎಣ್ಣೆ ಸುರಿದು ಕೋಲಿನಿಂದ ಕಲಕುತ್ತಿದ್ದಾರೆ. ಎಣ್ಣೆ ಹೆಚ್ಚಾದಷ್ಟೂ ಬಣ್ಣ ತಡವಾಗಿ ಒಣಗುತ್ತದೆ. "ಅಕ್ಕಂದು ಬಡಿಸೋ ಕೆಲಸ ಅಷ್ಟೆ, ಅಡುಗೆಭಟ್ಟ ನಾನು" ಎಂದು ಕಾಲೆಳೆಯುತ್ತಾರೆ. ಅವರ ಸೊಂಟದ ಕೆಳಗೆ ಸ್ವಾಧೀನವಿಲ್ಲ.

"ನಂಗೆ ಹೀಗಾಗೋದಕ್ಕೆ ಹಿಂದಿನ ವಾರ ಅಲ್ಲೇ ಹಾರಿದ್ದೆ, ಆಳ ಇತ್ತು. ಆ ವಾರ ನೀರು ಇಳಿದಿತ್ತು. ಮೇಲಿಂದ ನೋಡಿದ್ರೆ ಒಂದೇ ಥರ ಕಾಣತ್ತೆ. ಕೆಳಗಡೆ ಹಳೇ ಸೇತುವೆ ಕಲ್ಲು ಬಿದ್ದಿತ್ತು. ಆಳ ಇದ್ರೂ ಅಷ್ಟೇ ಬಿಡಿ, ಅಷ್ಟು ಎತ್ತರದಿಂದ ಬಿದ್ರೆ ನೀರೇ ನೆಲದ ಥರ ಹೊಡೆಯತ್ತೆ, ಚಳಿಗೆ ಉಸಿರು ಸಿಕ್ಕಿಹಾಕ್ಕೊಳ್ಳತ್ತೆ. ಈಜು ಆಮೇಲಿನ ಮಾತು. ನಾನು ಕೈ ಬೀಸೋಕೆ ಮುಂಚೇನೇ ಎಲ್ಲ ಮುಗಿದಿತ್ತು."

ಕೋಲನ್ನು ಡಬ್ಬದ ಅಂಚಿಗೆ ಒರೆಸುತ್ತಾ ಮತ್ತೆ ಹೇಳುತ್ತಾರೆ: "ಹಿಂದಿನ ದಿನ ಆ ಕಂಬಿಗೆ ಅಕ್ಕನೇ ಬಣ್ಣ ಬಳಿದಿದ್ಲು. ಎಷ್ಟು ಚೆನ್ನಾಗಿ ಒಣಗಿತ್ತು ಅಂದ್ರೆ, ನನ್ನ ಪ್ಯಾಂಟಿಗೆ ಒಂದು ಚುಕ್ಕೆನೂ ಹತ್ತಿರ್ಲಿಲ್ಲ."

ಬಣ್ಣದಕ್ಕ ತಮ್ಮನ ಕೈಯಿಂದ ಕೋಲು ತೆಗೆದುಕೊಂಡು ತಾವೇ ಕಲಕತೊಡಗುತ್ತಾರೆ. ನಿಮಗೇನು ಆಸೆ ಎಂದು ಕೇಳಿದರೆ ಕಲಕುವುದನ್ನು ನಿಲ್ಲಿಸದೆ ಹೇಳುತ್ತಾರೆ:

"ಮಳೆಗಾಲಕ್ಕೆ ಬೇಕಾದ್ರೆ ಅವರ ಹೊಸ ಬಣ್ಣನೇ ಹೊಡೀತೀನಿ. ರಜೇಲಿ ಮಾತ್ರ ಇದೇ ಇರ್ಲಿ. ತಾಯಂದ್ರು ನನ್ನನ್ನ ಬೈಕೊಂಡು ಪ್ಯಾಂಟು ಉಜ್ಜಲಿ ಬಿಡಿ. ಅದನ್ನ ಹಾಕ್ಕೊಳ್ಳೋನು ಮನೇಲಿ ಎರಡು ಕಾಲ ಮೇಲೆ ನಿಂತಿರ್ತಾನಲ್ಲ, ನಂಗಷ್ಟು ಸಾಕು."